ಟೈರಿನ ಅಗಲವನ್ನು ನಿರ್ಧರಿಸುವುದು ನೆಲ

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಬಿಳೂರ ಮಹಾರಾಷ್ಟ್ರದ ನಕ್ಷೆಯಲ್ಲಿದೆ, ಆದರೆ ಅಲ್ಲಿನ ಓಣಿಗಳಲ್ಲಿ ಕೇಳುವುದು ಕನ್ನಡ. ಮಳೆ ಕಡಿಮೆ, ಬಿಸಿಲು ಹೆಚ್ಚು. ಈ ಸೀಮೆಯಲ್ಲಿ ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಸೈಕಲ್ ತಿರುಗಿಸಿದರೆ ಗಾಲಿಯ ಕೆಳಗಿನ ನೆಲ ಬೇಗ ಬೇಗ ಬದಲಾಗುತ್ತದೆ. ಮೊದಲು ಗರಸು ಹಾಕಿದ ಚಕ್ಕಡಿ ದಾರಿ, ಮುಂದೆ ಕರಿಕಲ್ಲು ಎದ್ದುನಿಂತ ಮಡ್ಡಿ, ಇಳಿದರೆ ಎರಿ ಹೊಲದ ಬದು, ಇನ್ನೂ ಇಳಿದರೆ ವರ್ಷದ ಬಹುಪಾಲು ಒಣಗಿರುವ ಹಳ್ಳದ ಮರಳು. ಇಂಥ ನೆಲದಲ್ಲಿ ಓಡಿಸಲು ಮೌಂಟನ್ ಬೈಕ್ ಕೊಳ್ಳುವ ಹುಡುಗ ಅಂಗಡಿಯಲ್ಲಿ ಒಂದು ಪ್ರಶ್ನೆ ಎದುರಿಸಲೇಬೇಕು: ಟೈರು ಎಷ್ಟು ಅಗಲ ಇರಬೇಕು? 2.1 ಇಂಚೇ, 2.25 ಇಂಚೇ, 2.4 ಇಂಚೇ?

ನೋಡಲು ಕಾಲು ಇಂಚಿನ ವ್ಯತ್ಯಾಸ. ಆದರೆ ಸವಾರ ಬೀಳುವುದು, ಉಳಿಯುವುದು, ಗೆಲ್ಲುವುದು, ದಣಿಯುವುದು ಈ ಕಾಲು ಇಂಚಿನೊಳಗೇ ತೀರ್ಮಾನವಾಗಬಹುದು. ಅಗಲವನ್ನು ಒಂಟಿಯಾಗಿ ಆರಿಸಲು ಬರುವುದಿಲ್ಲ ಎಂಬುದು ಈ ಅಧ್ಯಾಯದ ತಿರುಳು. ಅಗಲ, ಒಳಗಿನ ಗಾಳಿಯ ಒತ್ತಡ, ಕೆಳಗಿನ ನೆಲ ಈ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು.

ಭಾರ ಹೊರುವುದು ಗಾಳಿ

65 ಕಿಲೋ ತೂಕದ ಸವಾರ, 13 ಕಿಲೋ ತೂಕದ ಸೈಕಲ್ಲು. ಒಟ್ಟು 78 ಕಿಲೋ. ಕೂತು ತುಳಿಯುವಾಗ ಇದರ ಸುಮಾರು ಶೇಕಡಾ 60 ಭಾಗ, ಅಂದರೆ 47 ಕಿಲೋದಷ್ಟು ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ಈ ಭಾರದ ಹೆಚ್ಚಿನ ಪಾಲನ್ನು ಹೊರುವುದು ರಬ್ಬರ್ ಅಲ್ಲ, ಒಳಗೆ ಒತ್ತಿಟ್ಟ ಗಾಳಿ. ಟೈರು ನೆಲಕ್ಕೆ ತಾಗಿ ಚಪ್ಪಟೆಯಾಗುತ್ತ ಹೋಗುತ್ತದೆ. ತಾಗಿದ ಜಾಗದ ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಿದಾಗ ಬರುವ ಬಲ ಮೇಲಿನ ಭಾರಕ್ಕೆ ಸಮವಾದ ಕ್ಷಣ ಅದು ನಿಲ್ಲುತ್ತದೆ.

ಪಂಕ್ಚರ್ ಅಂಗಡಿಯಲ್ಲಿ ಗಾಳಿಯನ್ನು ಪೌಂಡ್ ಲೆಕ್ಕದಲ್ಲಿ ಹೇಳುತ್ತಾರೆ. 30 ಪೌಂಡ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡ. 47 ಕಿಲೋ ಹೊರಲು ಆಗ ಸುಮಾರು 22 ಚದರ ಸೆಂಟಿಮೀಟರ್ ಟೈರು ನೆಲಕ್ಕೆ ತಾಗಬೇಕು. 50 ಪೌಂಡ್ ತುಂಬಿದರೆ 13 ಚದರ ಸೆಂಟಿಮೀಟರ್ ಸಾಕು. ಈ ಲೆಕ್ಕದಲ್ಲಿ ಅಗಲದ ಮಾತೇ ಬರಲಿಲ್ಲ. ನೆಲಕ್ಕೆ ತಾಗುವ ಜಾಗ ಎಷ್ಟೆಂಬುದನ್ನು ಮುಖ್ಯವಾಗಿ ಹೇಳುವುದು ಒತ್ತಡ. ಅಗಲ ಹೇಳುವುದು ಆ ಜಾಗದ ಆಕಾರವನ್ನು. ತೆಳು ಟೈರಿನಲ್ಲಿ ಅದು ಉದ್ದುದ್ದ, ಅಗಲ ಟೈರಿನಲ್ಲಿ ಗಿಡ್ಡ ಮತ್ತು ಅಡ್ಡಗಲ.

ಹಾಗಾದರೆ ಅಗಲದ ಪ್ರಯೋಜನವೇನು? ಅಗಲ ಟೈರಿನಲ್ಲಿ ಒತ್ತಡವನ್ನು ಧೈರ್ಯವಾಗಿ ಇಳಿಸಬಹುದು. ಗಾಲಿಯ ವ್ಯಾಸ ಒಂದೇ ಇದ್ದರೆ ಒಳಗೆ ಹಿಡಿಯುವ ಗಾಳಿ ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 2.1 ಇಂಚಿನಿಂದ 2.4 ಇಂಚಿಗೆ ಹೋದರೆ ಅಗಲ ಹೆಚ್ಚುವುದು ಶೇಕಡಾ 14 ಮಾತ್ರ, ಗಾಳಿ ಹೆಚ್ಚುವುದು ಶೇಕಡಾ 31ರ ಸುಮಾರು. ಕಲ್ಲಿಗೂ ರಿಮ್ಮಿಗೂ ನಡುವಿನ ಅಂತರವೂ ಹೆಚ್ಚುತ್ತದೆ. ಅದರಿಂದ ಒತ್ತಡ ಇಳಿಸಿದರೂ ರಿಮ್ಮು ಕಲ್ಲಿಗೆ ಸುಲಭವಾಗಿ ಬಡಿಯುವುದಿಲ್ಲ.

ತೆಳು ಟೈರು ವೇಗ ಎಂಬ ನಂಬಿಕೆ

ಜತ್ತಕ್ಕೆ ಹೊಂದಿಕೊಂಡಿರುವ ವಿಜಯಪುರ, ಅದರಾಚೆಯ ಬಾಗಲಕೋಟೆ ಭಾರತದ ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಗಳು. ಅಲ್ಲಿನ ಹಳ್ಳಿಗಳ ಹುಡುಗ ಹುಡುಗಿಯರು ರಸ್ತೆ ಸ್ಪರ್ಧೆಗಳಲ್ಲಿ, ವೆಲೊಡ್ರೋಮಿನಲ್ಲಿ ರಾಷ್ಟ್ರಮಟ್ಟದ ಪದಕ ತಂದವರು. ಅವರ ಗಾಲಿಗಳು ತೆಳು, ಅವುಗಳ ಒಳಗಿನ ಗಾಳಿ ಕಲ್ಲಿನಷ್ಟು ಗಟ್ಟಿ. ಅವರನ್ನು ಕಂಡು ಬೆಳೆದ ಸೀಮೆಯಲ್ಲಿ ವೇಗವೆಂದರೆ ತೆಳು ಟೈರು ಎಂಬ ಭಾವನೆ ಬೇರೂರುವುದು ಸಹಜ. ನಯವಾದ ಹಾಸಿನ ಮೇಲೆ ಆ ಭಾವನೆಗೆ ಆಧಾರವೂ ಇದೆ. ಆದರೆ ಮಡ್ಡಿಯ ಮೇಲೆ ಅದು ತಲೆಕೆಳಗಾಗುತ್ತದೆ.

ಗಾಲಿ ಉರುಳುವಾಗ ಶಕ್ತಿ ಎರಡು ಬಗೆಯಲ್ಲಿ ಸೋರುತ್ತದೆ. ಮೊದಲನೆಯದು ರಬ್ಬರಿನೊಳಗೆ. ನೆಲಕ್ಕೆ ತಾಗಿದ ಭಾಗ ಮಣಿಯುತ್ತದೆ, ಮುಂದೆ ಹೋದಾಗ ಮೊದಲಿನ ಆಕಾರಕ್ಕೆ ಬರುತ್ತದೆ. ಮಣಿಯುವಾಗ ಪಡೆದ ಶಕ್ತಿಯನ್ನೆಲ್ಲ ರಬ್ಬರ್ ಹಿಂದಿರುಗಿಸುವುದಿಲ್ಲ, ಒಂದಿಷ್ಟನ್ನು ಶಾಖವಾಗಿ ಕಳೆಯುತ್ತದೆ. ಗಾಳಿ ಹೆಚ್ಚಿದಷ್ಟೂ ಮಣಿಯುವುದು ಕಡಿಮೆ, ಸೋರಿಕೆಯೂ ಕಡಿಮೆ. ಡಾಂಬರಿನ ಮೇಲೆ ಗಟ್ಟಿ ಟೈರು ಹಗುರವಾಗಿ ಓಡುವ ಕಾರಣ ಇದು.

ಎರಡನೆಯ ಸೋರಿಕೆ ನೆಲದ ಏರುಪೇರಿನಿಂದ ಬರುವಂಥದ್ದು. ಗಟ್ಟಿ ಟೈರು ಒಂದು ಕಲ್ಲನ್ನು ಹತ್ತುವಾಗ ಸೈಕಲ್ಲನ್ನೂ ಸವಾರನನ್ನೂ ಎತ್ತಬೇಕಾಗುತ್ತದೆ. ಹಿಂದಿನ ಗಾಲಿಯ ಮೇಲಿನ 47 ಕಿಲೋ ಒಂದು ಸೆಂಟಿಮೀಟರ್ ಏರಲು 4.6 ಜೂಲ್ ಶಕ್ತಿ ಬೇಕು. ಗಂಟೆಗೆ 18 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 5 ಮೀಟರ್. ಮೀಟರಿಗೊಂದು ಕಲ್ಲು ಸಿಕ್ಕರೆ ಸೆಕೆಂಡಿಗೆ 23 ಜೂಲ್, ಅಂದರೆ 23 ವ್ಯಾಟ್. ಒಬ್ಬ ಸಾಮಾನ್ಯ ಸವಾರ ಗಂಟೆಗಟ್ಟಲೆ ಕೊಡಬಲ್ಲದ್ದು 100ರಿಂದ 150 ವ್ಯಾಟ್. ಕಲ್ಲಿನಿಂದ ಇಳಿಯುವಾಗ ಒಂದಿಷ್ಟು ಮರಳಿ ಬರುತ್ತದೆ ನಿಜ. ಆದರೆ ಬಡಿತದಲ್ಲಿ, ಕಂಪನದಲ್ಲಿ, ಸವಾರನ ತೊಡೆ ಬೆನ್ನುಗಳ ನಡುಕದಲ್ಲಿ ಕಳೆದದ್ದು ಬರುವುದಿಲ್ಲ. ಮೆದು ಟೈರು ಆ ಕಲ್ಲನ್ನು ತನ್ನೊಳಗೆ ನುಂಗಿಕೊಂಡು ದಾಟುತ್ತದೆ, ಮೇಲಿನ ಭಾರ ಅಷ್ಟಾಗಿ ಏರುವುದಿಲ್ಲ.

ನೆಲ ಒರಟಾದಷ್ಟೂ ಎರಡನೆಯ ಸೋರಿಕೆ ಮೊದಲನೆಯದನ್ನು ಮೀರುತ್ತದೆ. ಜರ್ಮನಿಯ ಕಲೋನ್ ನಗರದ ಕ್ರೀಡಾ ವಿಶ್ವವಿದ್ಯಾಲಯದಲ್ಲಿ ನಡೆದ ಅಳತೆಗಳು ಇದನ್ನೇ ತೋರಿಸಿದವು: ಡಾಂಬರಿನ ಮೇಲೆ ಒತ್ತಡ ಏರಿಸಿದರೆ ಲಾಭ, ಹುಲ್ಲು ಮತ್ತು ಕಚ್ಚಾ ನೆಲದ ಮೇಲೆ ಒತ್ತಡ ಇಳಿಸಿದರೆ ಲಾಭ.

ಮೆದು ನೆಲದಲ್ಲಿ ಒತ್ತಡ ಇಳಿಸಲು ಮತ್ತೊಂದು ಕಾರಣವೂ ಸೇರುತ್ತದೆ. ಎರಿ ಹೊಲದಲ್ಲಿ ಕಬ್ಬಿಣದ ಪಟ್ಟಿಯ ಚಕ್ಕಡಿ ಹೂತುಕೊಳ್ಳುವ ಕಡೆ ಟಾಯರ ಗಾಡಿ ಹಾದುಹೋಗುವುದನ್ನು ಈ ಸೀಮೆಯ ರೈತರು ಕಂಡಿದ್ದಾರೆ. ಗಾಲಿ ಕೊರೆದ ತಗ್ಗಿನಿಂದ ಪ್ರತಿ ಹೆಜ್ಜೆಗೂ ಮೇಲೆ ಹತ್ತಬೇಕು, ಅಂದರೆ ಸಮನೆಲದಲ್ಲೂ ಏರು ಹತ್ತಿದಂತೆ ದುಡಿಯಬೇಕು. ಭಾರವನ್ನು ಹರಡಿದ ಗಾಲಿಗೆ ಆ ದುಡಿಮೆ ತಪ್ಪುತ್ತದೆ. ಸೈಕಲ್ಲಿಗೂ ನಿಯಮ ಅದೇ.

ಹಿಡಿತ ಎಲ್ಲಿಂದ ಬರುತ್ತದೆ

ಘರ್ಷಣೆ ಸ್ಪರ್ಶಿಸುವ ಜಾಗದ ಅಳತೆಯನ್ನು ಅವಲಂಬಿಸಿಲ್ಲ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಹಾಗಿದ್ದರೆ ಅಗಲ ಟೈರಿಗೆ ಹಿಡಿತ ಹೆಚ್ಚು ಯಾಕೆ? ಆ ನಿಯಮ ಗಟ್ಟಿಯಾದ, ಒಣ ಮೇಲ್ಮೈಗಳಿಗೆ ಚೆನ್ನಾಗಿ ಒಪ್ಪುತ್ತದೆ. ರಬ್ಬರ್ ಅಂಥ ವಸ್ತುವಲ್ಲ. ಅದು ಕಲ್ಲಿನ ಉಬ್ಬುತಗ್ಗುಗಳ ಸುತ್ತ ಮಣಿದು ಕಚ್ಚಿಕೊಳ್ಳುತ್ತದೆ. ಒತ್ತಡ ಕಡಿಮೆ ಇದ್ದಾಗ ಹೀಗೆ ಕಚ್ಚುವ ತಾಣಗಳು ಹೆಚ್ಚುತ್ತವೆ. ಟೈರಿನ ಹೆಚ್ಚು ಹಲ್ಲುಗಳು ಒಮ್ಮೆಗೇ ನೆಲ ಮುಟ್ಟುತ್ತವೆ. ಗರಸಿನಂಥ ಸಡಿಲ ನೆಲದಲ್ಲಿ ಜಾರುವುದು ಸಾಮಾನ್ಯವಾಗಿ ರಬ್ಬರ್ ಅಲ್ಲ, ರಬ್ಬರಿನ ಕೆಳಗಿನ ಹರಳಿನ ಪದರ. ಭಾರ ಹರಡಿದಷ್ಟೂ ಆ ಪದರ ಕಿತ್ತುಬರುವುದು ತಡವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಗಟ್ಟಿ ಟೈರು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತ ಹೋಗುತ್ತದೆ. ಗಾಳಿಯಲ್ಲಿ ತೇಲಿದ ಗಾಲಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ.

ಅಗಲದಿಂದ ತೆಳುವಿಗೆ, ಮತ್ತೆ ಅಗಲಕ್ಕೆ

ಗಾಳಿ ತುಂಬಿದ ಟೈರಿನ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಬಳಕೆಗೆ ಬಂದದ್ದು 1888ರಲ್ಲಿ, ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿಯ ಟೈರು ಕಟ್ಟಿ ಯಶಸ್ವಿಯಾದ ಮೇಲೆ. 1933ರಲ್ಲಿ ಅಮೆರಿಕದ ಶ್ವಿನ್ ಕಂಪನಿ 2.125 ಇಂಚು ಅಗಲದ, ಬಲೂನಿನಂತೆ ಉಬ್ಬಿದ ಟೈರಿನ ಸೈಕಲ್ ಹೊರತಂದಿತು. ನಾಲ್ಕು ದಶಕಗಳ ನಂತರ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ಅದೇ ಹಳೆಯ ಸೈಕಲ್ಲುಗಳನ್ನು ಗುಡ್ಡಕ್ಕೆ ಒಯ್ದರು. 1976ರ ಅಕ್ಟೋಬರ್ 21ರಂದು ಅಲ್ಲಿ ‘ರಿಪ್ಯಾಕ್’ ಎಂಬ ಇಳಿಜಾರಿನ ಮೊದಲ ಪಂದ್ಯ ನಡೆಯಿತು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ ಮುಂತಾದವರ ಕೈಯಲ್ಲಿ ಮೌಂಟನ್ ಬೈಕ್ ರೂಪ ಪಡೆಯಿತು. ಅದರ ಹುಟ್ಟಿಗೇ ಅಗಲ ಟೈರು ಕಾರಣ.

1990ರಲ್ಲಿ ಅಮೆರಿಕದ ಡ್ಯುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟನ್ ಬೈಕಿನ ಕ್ರಾಸ್‌ಕಂಟ್ರಿ ಪಂದ್ಯ ಸೇರಿತು. ಸ್ಪರ್ಧೆ ಬಿರುಸಾದಂತೆ ತೂಕ ಇಳಿಸುವ ಹಟ ಹುಟ್ಟಿತು. ಟೈರುಗಳು 2 ಇಂಚಿಗೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ ಇಳಿದವು. ಮತ್ತೆ ಅಗಲದ ಕಡೆ ತಿರುಗಲು ಒಂದು ತಾಂತ್ರಿಕ ಹೆಜ್ಜೆ ಬೇಕಾಯಿತು. 1999ರ ಸುಮಾರಿಗೆ ಮಾವಿಕ್, ಹಚಿನ್ಸನ್, ಮಿಶೆಲಿನ್ ಕಂಪನಿಗಳು ಮೌಂಟನ್ ಬೈಕಿಗೆ ಟ್ಯೂಬ್‌ಲೆಸ್ ವ್ಯವಸ್ಥೆ ತಂದವು. ಟ್ಯೂಬೇ ಇಲ್ಲದ ಮೇಲೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬಿಗೆ ಜೋಡಿ ತೂತು ಬೀಳುವ ಭಯವೂ ಹೋಯಿತು, ಒತ್ತಡ ಇಳಿಸಲು ಧೈರ್ಯ ಬಂತು. ರಿಮ್ಮುಗಳ ಒಳ ಅಗಲವೂ 19 ಮಿಲಿಮೀಟರಿನ ಆಸುಪಾಸಿನಿಂದ 25ರಿಂದ 30ರವರೆಗೆ ಬೆಳೆದು, ಕಡಿಮೆ ಗಾಳಿಯಲ್ಲೂ ಟೈರು ಪಕ್ಕಕ್ಕೆ ವಾಲದೆ ನಿಲ್ಲುವಂತಾಯಿತು. ಇಂದು ವಿಶ್ವಕಪ್ ಮಟ್ಟದ ಕ್ರಾಸ್‌ಕಂಟ್ರಿಯಲ್ಲಿ 2.25ರಿಂದ 2.4 ಇಂಚಿನ ಟೈರು ಸಾಮಾನ್ಯ. ರಸ್ತೆ ಸ್ಪರ್ಧೆಯ ಟೈರು ಕೂಡ 23 ಮಿಲಿಮೀಟರಿನಿಂದ 28ರ ಕಡೆಗೆ ಸರಿದಿದೆ.

ಟೈರಿನ ಮೇಲಿನ ಬರಹ

ಟೈರಿನ ಪಕ್ಕದಲ್ಲಿ 57-622 ಎಂಬಂಥ ಅಂಕಿ ಇರುತ್ತದೆ. ಮೊದಲನೆಯದು ಗಾಳಿ ತುಂಬಿದಾಗಿನ ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 57 ಎಂದರೆ 2.25 ಇಂಚು. 622 ಎಂದರೆ ಅಂಗಡಿಯವರು 29 ಇಂಚು ಎನ್ನುವ ಗಾಲಿ. 584 ಎಂದರೆ 27.5, 559 ಎಂದರೆ 26. ನಮ್ಮ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊತ್ತ ಕರಿ ಸೈಕಲ್ಲಿನ 28×1½ ಟೈರಿನ ರಿಮ್ಮು 635. ಇಂಚಿನ ಲೆಕ್ಕದಲ್ಲಿ 28 ಎಂದರೆ 29ಕ್ಕಿಂತ ಚಿಕ್ಕದು ಎನಿಸುತ್ತದೆ, ರಿಮ್ಮು ಮಾತ್ರ ದೊಡ್ಡದು. ಆದ್ದರಿಂದ ಟೈರು ಕೊಳ್ಳುವಾಗ ಮಿಲಿಮೀಟರಿನ ಅಂಕಿಯನ್ನೇ ನೋಡಬೇಕು.

ಫ್ರೇಮಿನಲ್ಲಿ ಜಾಗ ಇದೆಯೇ ಎಂದೂ ನೋಡಬೇಕು. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿಲಿಮೀಟರ್ ಬಿಡುವು ಇರಲಿ. ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ ಅದು ತಾಳುವ ಮಿತಿಯೇ ಹೊರತು ತುಂಬಬೇಕಾದ ಗಾಳಿಯ ಅಳತೆಯಲ್ಲ. ಅದನ್ನು ಮೀರಬಾರದು, ಅಲ್ಲಿಯವರೆಗೆ ತುಂಬಲೇಬೇಕೆಂದೂ ಇಲ್ಲ. ಕನಿಷ್ಠ ಅಂಕಿ ಬರೆದಿದ್ದರೆ ಅದಕ್ಕಿಂತ ಕೆಳಗಿಳಿಸಬಾರದು.

ನೆಲಕ್ಕೆ ತಕ್ಕ ಅಗಲ

ಜತ್ತದ ನೆಲವನ್ನು ರೂಪಿಸಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ತಣ್ಣಗಾಗಿ ಕರಿಕಲ್ಲಾಯಿತು, ಕಲ್ಲು ಸವೆದು ಗರಸಾಯಿತು, ಗರಸು ಇನ್ನೂ ಶಿಥಿಲವಾಗಿ ತಗ್ಗಿನಲ್ಲಿ ಎರಿ ಮಣ್ಣಾಯಿತು. ಒಂದೇ ಕಲ್ಲಿನ ಈ ಮೂರು ಅವಸ್ಥೆಗಳು ಸವಾರನಿಗೆ ಮೂರು ಬೇರೆ ಬೇರೆ ನೆಲಗಳು.

ಮಡ್ಡಿಯ ಮೇಲೆ ಬಿಡಿಬಿಡಿಯಾಗಿ ಬಿದ್ದ ಚೂಪು ಕರಿಕಲ್ಲುಗಳಿಗೆ 2.35ರಿಂದ 2.5 ಇಂಚಿನ ಟೈರು, ಪಕ್ಕದ ಗೋಡೆ ಗಟ್ಟಿಯಾಗಿರುವಂಥದ್ದು ಬೇಕು. ಇಲ್ಲಿ ಟೈರು ಸಾಯುವುದು ಹಲ್ಲು ಸವೆದಲ್ಲ, ಪಕ್ಕ ಸೀಳಿ. ಗಟ್ಟಿಯಾಗಿ ತುಳಿದು ನಯವಾದ ಗರಸಿನ ದಾರಿಗೆ 2.2ರಿಂದ 2.25 ಸಾಕು, ನಡುವಿನ ಹಲ್ಲುಗಳು ಗಿಡ್ಡವಾಗಿ ಒತ್ತೊತ್ತಾಗಿರಲಿ. ಪೂರ್ವ ಜತ್ತದ ಬೋರ ನದಿಯಂಥ ಒಣ ಪಾತ್ರದ ಮರಳಿನಲ್ಲಿ ಅಗಲ ಹೆಚ್ಚಿದಷ್ಟೂ ಒಳ್ಳೆಯದು. ಮರಳಿಗೂ ಹಿಮಕ್ಕೂ ಎಂದೇ 4 ಇಂಚಿನ ಆಸುಪಾಸಿನ ಟೈರಿನ ಸೈಕಲ್ಲುಗಳು ಹುಟ್ಟಿದವು. ಆದರೆ ಹಳ್ಳ ದಾಟುವ ನೂರು ಮಾರಿಗಾಗಿ ದಿನವಿಡೀ ಆ ಭಾರ ತುಳಿಯುವುದರಲ್ಲಿ ಅರ್ಥವಿಲ್ಲ.

ಮಳೆ ಬಿದ್ದ ಎರಿ ಮಣ್ಣು ಈ ಲೆಕ್ಕಕ್ಕೆ ದೊಡ್ಡ ಅಪವಾದ. ಅಂಟು ಮಣ್ಣು ಟೈರಿಗೆ ಸುತ್ತಿ, ಫ್ರೇಮಿಗೆ ತುಂಬಿ, ಗಾಲಿ ತಿರುಗದಂತೆ ಮಾಡುತ್ತದೆ. ಇಲ್ಲಿ ಮೇಲಿನ ಮೆದು ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುವ 2 ಇಂಚಿನ ಆಸುಪಾಸಿನ, ಹಲ್ಲುಗಳು ದೂರದೂರ ಇರುವ ಟೈರೇ ಮೇಲು. ಪೂರ್ತಿ ನೆನೆದ ಎರಿಯಲ್ಲಿ ಯಾವ ಟೈರೂ ಓಡದು. ಆ ದಿನ ಸೈಕಲ್ ಹೊರಗೆ ತೆಗೆಯದಿರುವುದು ಸೈಕಲ್ಲಿಗೂ ಹೊಲದ ದಾರಿಗೂ ಒಳ್ಳೆಯದು.

ಬೇರೆ ಸೀಮೆಯ ನೆಲ ಬೇರೆ ಉತ್ತರ ಕೇಳುತ್ತದೆ. ಬೆಂಗಳೂರಿನ ತುರಹಳ್ಳಿಯ ಗ್ರಾನೈಟ್ ಬಂಡೆಗಳು ಒಣಗಿದ್ದಾಗ ಒಳ್ಳೆಯ ಹಿಡಿತ ಕೊಡುತ್ತವೆ, ಅಲ್ಲಿ ಹಲ್ಲಿಗಿಂತ ಮೆದು ರಬ್ಬರ್ ಮುಖ್ಯ. ಕೊಡಗು, ಸಕಲೇಶಪುರದ ಮಳೆಗಾಲದ ಬೇರು ತುಂಬಿದ ದಾರಿಗಳಲ್ಲಿ ಉದ್ದ ಹಲ್ಲು, ಕಡಿಮೆ ಒತ್ತಡ ಎರಡೂ ಬೇಕು.

ಪಂದ್ಯಕ್ಕೂ ವಿಹಾರಕ್ಕೂ ಬೇರೆ ಲೆಕ್ಕ

ಪಂದ್ಯದ ಸವಾರ ಗಡಿಯಾರಕ್ಕಾಗಿ ದುಡಿಯುತ್ತಾನೆ. 29 ಇಂಚಿನ 2.25ರ ಹಗುರ ಪಂದ್ಯದ ಟೈರು 650ರಿಂದ 700 ಗ್ರಾಂ ಇದ್ದರೆ, ವಿಹಾರಕ್ಕೆ ಬಳಸುವ ದಪ್ಪ ಗೋಡೆಯ 2.4ರ ಟ್ರೇಲ್ ಟೈರು ಒಂದು ಕಿಲೋ ಮುಟ್ಟುತ್ತದೆ. ಎರಡು ಗಾಲಿಗೆ 600 ಗ್ರಾಂ ಹೆಚ್ಚಾಯಿತೆನ್ನಿ. ಒಂದೇ ವೇಗದಲ್ಲಿ ಏರು ಹತ್ತುವಾಗ 78 ಕಿಲೋದಲ್ಲಿ ಇದು ಶೇಕಡಾ 0.8ರ ಹೊರೆ. ಸುತ್ತುವ ಗಾಲಿಯ ಅಂಚಿನ ತೂಕಕ್ಕೆ ವೇಗ ಕೊಡಲು ಸುಮಾರು ಎರಡರಷ್ಟು ಶಕ್ತಿ ಬೇಕಾದ್ದರಿಂದ ತಿರುವಿನಿಂದ ತಿರುವಿಗೆ ಮತ್ತೆ ಮತ್ತೆ ಚಿಮ್ಮುವ ಕ್ರಾಸ್‌ಕಂಟ್ರಿಯಲ್ಲಿ ಅದು ಇನ್ನಷ್ಟು ಕಾಡುತ್ತದೆ. ಅದಕ್ಕಾಗಿ ಪಂದ್ಯಕ್ಕೆ 2.25ರಿಂದ 2.35, ಗಿಡ್ಡ ಹಲ್ಲು, ತೆಳು ಗೋಡೆ ಸರಿಹೋಗುತ್ತದೆ. ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್‌ಗೆ ಗದಗ ಆತಿಥ್ಯ ವಹಿಸಿದ್ದುಂಟು. ಅಂಥ ಒಣ ಬಯಲುಸೀಮೆಯ ಪಥಕ್ಕೆ ಈ ಅಳತೆ ಹೊಂದುತ್ತದೆ.

ಟ್ರೇಲ್ ಸವಾರನಿಗೆ ಮುಖ್ಯವಾದದ್ದು ನೆಮ್ಮದಿಯಾಗಿ ಹೋಗಿ, ಕ್ಷೇಮವಾಗಿ ಮನೆ ಮುಟ್ಟುವುದು. ಅವನಿಗೆ 2.35ರಿಂದ 2.5 ಸರಿ. ಎರಡು ಗಾಲಿಗೂ ಒಂದೇ ಅಗಲ ಇರಬೇಕೆಂದಿಲ್ಲ. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲ ಕಾಣುವುದೇ. ಮುಂದೆ 2.4, ಹಿಂದೆ 2.25 ಎಂಬ ಜೋಡಿ ಅನೇಕರಿಗೆ ಒಗ್ಗಿದೆ.

ಒತ್ತಡದ ಸೂತ್ರ

ಟೈರಿನ ಗೋಡೆಯ ಬಿಗಿತ ಒತ್ತಡ ಮತ್ತು ಅಗಲದ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ. ಅದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. 2.25 ಇಂಚಿನಲ್ಲಿ 24 ಪೌಂಡ್ ನಿಮಗೆ ಹಿತವಾಗಿದ್ದರೆ ಗುಣಲಬ್ಧ 54. 2.4 ಇಂಚಿಗೆ ಹೋದಾಗ 54ನ್ನು 2.4ರಿಂದ ಭಾಗಿಸಿ: 22.5 ಪೌಂಡ್. ಅಗಲ ಟೈರು ಹಾಕಿಸಿ ಹಳೆಯಷ್ಟೇ ಗಾಳಿ ತುಂಬಿದರೆ ಅದು ಮೊದಲಿಗಿಂತ ಗಟ್ಟಿಯಾಗಿ ಪುಟಿಯುತ್ತದೆ, ಕೊಟ್ಟ ಹಣ ವ್ಯರ್ಥ.

65 ಕಿಲೋದ ಸವಾರ 2.25ರ ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 22, ಹಿಂದೆ 25 ಪೌಂಡಿನಿಂದ ಶುರು ಮಾಡಬಹುದು. ಟ್ಯೂಬ್ ಇದ್ದರೆ ನಾಲ್ಕೈದು ಪೌಂಡ್ ಹೆಚ್ಚಿರಲಿ. ಗೊತ್ತಿರುವ ಒಂದೇ ದಾರಿಯಲ್ಲಿ ಓಡಿಸಿ, ಪ್ರತಿ ಸಲ ಒಂದೊಂದು ಪೌಂಡ್ ಇಳಿಸುತ್ತ ಹೋಗಿ. ರಿಮ್ಮು ಕಲ್ಲಿಗೆ ಬಡಿದರೆ, ಇಲ್ಲವೇ ತಿರುವಿನಲ್ಲಿ ಟೈರು ಪಕ್ಕಕ್ಕೆ ವಾಲಿದರೆ ಎರಡು ಪೌಂಡ್ ಏರಿಸಿ ಅಲ್ಲಿಗೆ ನಿಲ್ಲಿಸಿ.

ಬಿಸಿಲನ್ನೂ ಲೆಕ್ಕಕ್ಕೆ ತಂದುಕೊಳ್ಳಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 30 ಪೌಂಡ್ ತುಂಬಿದ ಟೈರು ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಒತ್ತಡ 33 ಪೌಂಡ್ ಆಗುತ್ತದೆ. ಜತ್ತದ ಬೇಸಿಗೆಯಲ್ಲಿ ಬೆಳಗಿನ ಹದ ಮಧ್ಯಾಹ್ನಕ್ಕೆ ಉಳಿಯುವುದಿಲ್ಲ.

ಕೊನೆಯ ಶತ್ರು ಮುಳ್ಳು. ಜಾಲಿ ಮುಳ್ಳು ಎಲ್ಲರಿಗೂ ಗೊತ್ತು. ಅದಕ್ಕಿಂತ ಕಳ್ಳ ಮುಳ್ಳು ನೆಗ್ಗಿಲು. ನೆಲಕ್ಕೆ ಹಬ್ಬಿ ಬೆಳೆಯುವ ಈ ಗಿಡದ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿರುತ್ತದೆ. ಅಮೆರಿಕಕ್ಕೆ ಹೊರಗಿನಿಂದ ಹೋಗಿ ಹಬ್ಬಿದ ಇದು ಅಲ್ಲಿನ ಪಶ್ಚಿಮದ ಒಣ ರಾಜ್ಯಗಳ ಸವಾರರನ್ನೂ ಇದೇ ರೀತಿ ಕಾಡುತ್ತದೆ. ತೆಳು ಇರಲಿ, ಅಗಲ ಇರಲಿ, ನೆಗ್ಗಿಲು ಯಾವ ಟೈರನ್ನೂ ಬಿಡದು. ಇದಕ್ಕೆ ಮದ್ದು ಟ್ಯೂಬ್‌ಲೆಸ್ ಟೈರಿನೊಳಗೆ ಹಾಕುವ ಸೀಲಂಟ್ ದ್ರವ. ಮುಳ್ಳು ಚುಚ್ಚಿದ ಕಡೆ ಗಾಳಿಯ ಜೊತೆ ಹೊರನುಗ್ಗುವ ಲೇಟೆಕ್ಸ್ ಅಲ್ಲೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಬಿಸಿಲಿಗೆ ದ್ರವ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ ಮತ್ತೆ ಹಾಕಬೇಕು.

ಗಡಿನಾಡಿನ ಹಳ್ಳಿಗಳಲ್ಲಿ ಸೈಕಲ್ ತುಳಿಯುವ ಮಕ್ಕಳಿಗೆ ಕೊರತೆಯಿಲ್ಲ, ಕಠಿಣವಾದ ನೆಲಕ್ಕೂ ಕೊರತೆಯಿಲ್ಲ. ಮೌಂಟನ್ ಬೈಕ್ ಓಟಕ್ಕೆ ಬೇಕಾದ ಎರಡು ಮುಖ್ಯ ಸಂಗತಿಗಳು ಇಲ್ಲಿ ಪುಕ್ಕಟೆ ಇವೆ. ಹೊಸ ಟೈರು ಕೊಳ್ಳುವ ಮುನ್ನ ಒಂದು ಒಳ್ಳೆಯ ಗೇಜ್ ಕೊಳ್ಳಿ. ಇರುವ ಟೈರಿನಲ್ಲೇ ಗಾಳಿಯ ಹದ ಕಂಡುಕೊಳ್ಳಿ. ನಿಮ್ಮ ದಾರಿಯಲ್ಲಿ ಕಲ್ಲೆಷ್ಟು, ಗರಸೆಷ್ಟು, ಮರಳೆಷ್ಟು ಎಂದು ನೋಡಿಕೊಂಡು ಆಮೇಲೆ ಅಗಲ ಆರಿಸಿ. ಜತ್ತದಂಥ ನೆಲಕ್ಕೆ ಒಂದೇ ಜೋಡಿ ಹೇಳು ಎಂದರೆ ನನ್ನ ಉತ್ತರ ಇದು: ಮುಂದೆ 2.4, ಹಿಂದೆ 2.25, ಎರಡೂ ಟ್ಯೂಬ್‌ಲೆಸ್, ಗಾಳಿ 25 ಪೌಂಡಿನೊಳಗೆ.